ಟಾಕೀಸಿನ ಪಕ್ಕದ ಬಾಗಿಲು

ಮೇ 10, ಶನಿವಾರ. ತರೀಕೆರೆ

ಆ ಬಾಗಿಲು ಕಣ್ಣಿಂದ ಮರೆಯಾಗುತ್ತಿಲ್ಲ. ನಾಳೆ ಅಣ್ಣನ ಮಗಳು ಸ್ಪಂದನಾಳ ಮದುವೆ. ನಮ್ಮ ಕಾಲದ ಹಳೇ ಟಾಕೀಸೇ ಈಗ ಛತ್ರ.

ಅಲ್ಲಿ ನಾನೂ ಅಣ್ಣನೂ ನೆಲದ ಮೇಲೆ ಕೂತು, ಒಂದೇ ಐಸ್ ಕ್ಯಾಂಡಿಯನ್ನು ಸರದಿಯ ಮೇಲೆ ಚೀಪುತ್ತಾ ಸಿನಿಮಾ ನೋಡುತ್ತಿದ್ದೆವು. ಒಂದು ಮ್ಯಾಟಿನಿಯಲ್ಲಿ ಹೊಗೆ ಎದ್ದಿತು. ಟಿಕೆಟ್ ಇಲ್ಲದವರು ನುಗ್ಗುತ್ತಾರೆಂದು ಪಕ್ಕದ ಬಾಗಿಲಿಗೆ ಬೀಗ ಹಾಕಿದ್ದರು. ಕಡಲೆಕಾಯಿ ಮಾರುತ್ತಿದ್ದ ಗುರುಶಾಂತಮ್ಮ ಅದರ ಬುಡದಲ್ಲೇ ಕಾಲ್ತುಳಿತಕ್ಕೆ ಸಿಕ್ಕಿ ಸತ್ತಳು. ಅವಳು ಕೊಟ್ಟ ಕಾಯಿ ನನ್ನ ಮುಷ್ಟಿಯಲ್ಲಿ ಇನ್ನೂ ಬೆಚ್ಚಗಿತ್ತು.

ಬೆಳಿಗ್ಗೆ ಅಲಂಕಾರ ನೋಡಲು ಹೋದರೆ ಅದೇ ಬಾಗಿಲು, ಅದಕ್ಕೆ ಮತ್ತೆ ಬೀಗ.

"ಕಳ್ರ ಕಾಟ ಕಣ್ರಮ್ಮ. ಬೀಗದ ಕೈ ಎಲ್ಲೋಯ್ತೋ ಗೊತ್ತಿಲ್ಲ" ಎಂದ ಮ್ಯಾನೇಜರ್.

ಅಣ್ಣನಿಗೆ ಹೇಳಿದೆ. "ಮದ್ವೆ ಮನೇಲಿ ಅಪಶಕುನ ನುಡೀಬೇಡ ಕಣೇ" ಎಂದು ಗದರಿದ. ಆದರೆ ಅವನ ಕಣ್ಣೂ ಆ ಕಡೆಗೇ ಇತ್ತು.

ಮಧ್ಯಾಹ್ನ ನಾನೇ ಬೀಗ ರಿಪೇರಿಯವನನ್ನು ಕರೆದುಕೊಂಡು ಹೋಗಿ ಒಡೆಸಿದೆ. ಬಾಗಿಲು ಕಿರುಗುಟ್ಟುತ್ತಾ ತೆರೆದುಕೊಂಡಿತು. ಆಚೆ ಬೆಳಕಿರಲಿಲ್ಲ. ಯಾರೋ ಅಡ್ಡಲಾಗಿ ಇಟ್ಟಿಗೆ ಗೋಡೆ ಕಟ್ಟಿಬಿಟ್ಟಿದ್ದಾರೆ.

ಅಣ್ಣ ಫೋನ್ ಎತ್ತುತ್ತಿಲ್ಲ. ಮುಹೂರ್ತ ಒಂಬತ್ತೂಕಾಲಿಗೆ. ಎಂಟುನೂರು ಜನ ಬರುತ್ತಾರೆ, ಅವರಲ್ಲಿ ಮಕ್ಕಳೆಷ್ಟೋ.