ಓಡಿದ್ದು ಎಂದ ಮಾತು

ಆಗಸ್ಟ್ ೧೪, ರಾತ್ರಿ ಎರಡೂವರೆ.

ಲಿಫ್ಟಿನ ಸದ್ದಿಗೆ ಎಚ್ಚರವಾಗಿ ಬಾಗಿಲು ತೆರೆದೆ. ನೌಶಾದ್ ಅಲ್ಲ, ಪಕ್ಕದ ಮನೆಯವರು.

ನನ್ನ ಗಂಡ ನೌಶಾದ್ ಇಷ್ಟು ವರ್ಷ ದೇಶಕ್ಕಾಗಿ ವೇಗನಡಿಗೆಯಲ್ಲಿ ಸ್ಪರ್ಧಿಸಿದವರು. ಮೊನ್ನೆ ಎರಡೂ ಕಾಲು ಒಟ್ಟಿಗೆ ನೆಲ ಬಿಟ್ಟವೆಂದು ಕೆಂಪು ಕಾರ್ಡು ತೋರಿಸಿ ಹೊರಹಾಕಿದರು. ನಿನ್ನೆ ರಾತ್ರಿ ಊಟಕ್ಕೆ ಕೂತಾಗ, "ಇನ್ನೊಂದೇ ಸೀಸನ್ ಮಾರಾಯ್ತಿ" ಅಂದರು. ಮಗು ಸಂಜೆಯಿಂದ ಅಳುತ್ತಿತ್ತು, ನನಗೆ ತಾಳ್ಮೆ ತಪ್ಪಿತು.

"ಖಲಾಸ್! ನೀವು ನಡೆದದ್ದಲ್ಲ, ಓಡಿದ್ದು."

ನಡಿಗೆಯವರಿಗೆ ಅದಕ್ಕಿಂತ ದೊಡ್ಡ ಬೈಗುಳವಿಲ್ಲವೆಂದು ನನಗೆ ಗೊತ್ತಿತ್ತು. ಶೂ ಕಟ್ಟಿಕೊಂಡು ಹೊರಟರು, ನೀರೂ ಒಯ್ಯಲಿಲ್ಲ. ಕಳೆದ ವರ್ಷ ಇದೇ ಸೆಕೆಯಲ್ಲಿ ಕುಸಿದುಬಿದ್ದವರು. ಕಿಟಕಿಯಿಂದ ನೋಡಿದೆ. ನಾವಿರುವ ಬಿನ್ ಮಹಮೂದ್ ಬಡಾವಣೆಯ ಬೀದಿಯಲ್ಲಿ ಅವರು ಓಡುತ್ತಿದ್ದರು. ಮದುವೆಯಾದ ಮೇಲೆ ಅವರು ಓಡಿದ್ದನ್ನು ನಾನು ನೋಡಿದ್ದೇ ಇರಲಿಲ್ಲ.

ಅವರ ಫೋನ್ ಇನ್ನೂ ಆಫ್.

ನೌಶಾದ್, ಬೆಳಗಾಗುವ ಮೊದಲು ಒಂದು ಫೋನ್ ಮಾಡಿ. ಬೈಯಲಿಕ್ಕಾದರೂ ಮಾಡಿ, ಒಂದೇ ಒಂದು ಸಲ.