ಎರಡು ಬೆರಳು ಗಿಡ್ಡ

ಹದಿನಾಲ್ಕನೇ ತಾರೀಖು, ಗುರುವಾರ, ಮಧ್ಯಾಹ್ನ

ನನ್ನ ಗಡಿಬಿಡಿ ರಾಣಿಗೆ ಅಮ್ಮನ ಮುತ್ತುಗಳು.

ನಿನ್ನ ಪಾರ್ಸೆಲ್ ಬಂತು. ಹುಟ್ಟಿದಾಗಿನಿಂದ ನಾನು ಹೆಣೆದುಕೊಟ್ಟದ್ದನ್ನೆಲ್ಲ ಮರುಮಾತಾಡದೆ ತೊಟ್ಟವಳು, ಮೊದಲ ಸಲ ಸ್ವೆಟರ್ ವಾಪಸ್ ಕಳಿಸಿದ್ದೀಯ. ಎಡತೋಳು ಎರಡು ಬೆರಳು ಗಿಡ್ಡ, ಕ್ರೇನಿನ ಕ್ಯಾಬಿನ್ನಿನಲ್ಲಿ ಲಿವರ್ ಹಿಡಿದು ಕೂತರೆ ಮಣಿಕಟ್ಟಿಗೆ ಗಾಳಿ ಹೊಡೆಯುತ್ತದೆ ಎಂದು ಬರೆದಿದ್ದೀಯ. ಅಷ್ಟಕ್ಕೇ ನಿಲ್ಲಿಸಿದ್ದರೆ ನನಗೇನೂ ಅನ್ನಿಸುತ್ತಿರಲಿಲ್ಲ. ಕೊನೆಯಲ್ಲಿ ನೀನು ಹುಷಾರಾಗಿದ್ದೀಯ ತಾನೇ ಅಮ್ಮಾ ಎಂದು ಬೇರೆ ಕೇಳಿದ್ದೀಯ. ತೋಳಿಗೂ ನನ್ನ ಆರೋಗ್ಯಕ್ಕೂ ಏನೇ ಸಂಬಂಧ? ಬೆಳಗಿನಿಂದ ಪತ್ರಕ್ಕೆ ಕೂರುವುದು, ಏಳುವುದು, ಒಲೆ ಮೇಲೆ ಏನೂ ಇಲ್ಲದಿದ್ದರೂ ಅಡುಗೆಮನೆಗೆ ಹೋಗಿ ನೋಡಿ ಬರುವುದು, ಇದೇ ಆಗಿದೆ.

ಉಲ್ಲನ್ ಮುಗಿದುಹೋಯಿತು ಕಣೇ, ಅಷ್ಟೇ. ಸ್ವೆಟರಿನ ಮೈ ನಿನ್ನ ಅಪ್ಪನ ಬೂದು ಸ್ವೆಟರಿನದು. ಅವರು ಹೋದಮೇಲೆ ಏಳು ವರ್ಷ ಪೆಟ್ಟಿಗೆಯಲ್ಲೇ ಇತ್ತು. ನುಸಿ ತಿನ್ನುವುದಕ್ಕಿಂತ ಮಗಳು ತೊಡಲಿ ಎಂದು ಬಿಚ್ಚಿದೆ. ಬಿಚ್ಚುವಾಗ ಅತ್ತುಬಿಟ್ಟೆ, ಉಂಡೆ ಸುತ್ತುವ ಹೊತ್ತಿಗೆ ಅಳು ನಿಂತಿತ್ತು. ತೋಳಿಗೆ ನಿನ್ನ ಶಾಲೆಯ ಕಂದು ಸ್ವೆಟರ್ ಬಿಚ್ಚಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ, ಹಾಗೆ ಉಲ್ಲನ್ ಇದ್ದಷ್ಟು ತೋಳು.

ಹಳೇ ಉಲ್ಲನ್ ಒಂದು ಕಡೆ ಸವೆದು ತೆಳು, ಇನ್ನೊಂದು ಕಡೆ ದಪ್ಪ. ಸಾಲು ಎಣಿಸಿ ಹೆಣೆಯುವಂತಿಲ್ಲ. ನಮ್ಮ ಟೇಪಿನ ಮೊದಲ ಹತ್ತು ಇಂಚು ಹರಿದು ಯಾವ ಕಾಲವಾಯಿತೋ. ಹೊಸದು ಯಾಕೆ ದಂಡ, ಕೈಗಳೇ ಇವೆಯಲ್ಲ? ನಿನಗೆ ಹದಿನಾರು ತುಂಬಿದಾಗಿನಿಂದ ನಿನ್ನ ಕೈಯೂ ನನ್ನ ಕೈಯೂ ಒಂದೇ ಉದ್ದ. ತೋಳಿನ ಮೇಲುತುದಿಯನ್ನು ನನ್ನ ಭುಜಕ್ಕೆ ಪಿನ್ನು ಹಾಕಿಕೊಂಡು, ಕೈ ಚಾಚಿ, ಮಣಿಕಟ್ಟಿನವರೆಗೆ ನೆಟ್ಟಗೆ ಎಳೆದು ನೋಡುತ್ತೇನೆ. ಬಲತೋಳಿಗೆ ಬಲಗೈ, ಎಡತೋಳಿಗೆ ಎಡಗೈ. ಇಷ್ಟು ವರ್ಷ ಒಮ್ಮೆಯಾದರೂ ತಪ್ಪಿದೆಯೇ?

ಹಾಗಾಗಿ ನೀನೇ ಬಿಸಿನೀರಿಗೆ ಅದ್ದಿರಬೇಕು. ಇಲ್ಲವೇ ಲಿವರ್ ಎಳೆದೆಳೆದು ನಿನ್ನ ಎಡಗೈ ಬೆಳೆದಿರಬೇಕು. ಇಲ್ಲಿಯವರೆಗೆ ಬರೆದದ್ದನ್ನು ಎದುರುಮನೆ ಟೈಲರಮ್ಮನಿಗೆ ಓದಿ ಹೇಳಿದರೆ, ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ ಎಂದು ನಕ್ಕಳು. ಇದ್ದಿದ್ದು ಇದ್ದಂಗೆ ಬರೀರಿ ಅಕ್ಕಾ, ಇಲ್ಲಾಂದ್ರೆ ನಾನೇ ಬರೀತೀನಿ ಎಂದೂ ಹೆದರಿಸಿದಳು. ಈಗ ದಿನಾ ಬಂದು ನನ್ನ ಜಡೆ ಹಾಕಿ ಹೋಗುತ್ತಾಳೆ. ಅವಳಿಗೆ ಬೇರೆ ಕೆಲಸವಿಲ್ಲ.

ಇಪ್ಪತ್ತಾರಕ್ಕೆ ನಿನ್ನ ಕ್ರೇನ್ ಲೈಸೆನ್ಸ್ ಪರೀಕ್ಷೆ. ಅದನ್ನು ಮಾತ್ರ ನೋಡು. ಹೋದ ವರ್ಷ ನನಗೆ ಜ್ವರ ಎಂದು ಕೇಳಿದ್ದೇ ತಡ, ಪರೀಕ್ಷೆಯ ಹಿಂದಿನ ದಿನ ನೀನು ಬಸ್ಸು ಹತ್ತಿ ಬಂದುಬಿಟ್ಟೆ. ನೀನು ಬಾಗಿಲು ತಟ್ಟಿದಾಗ ನಾನು ಎದ್ದು ಕೂತು ಚಹಾ ಕುಡಿಯುತ್ತಿದ್ದೆ! ನಿನ್ನ ಒಂದು ವರ್ಷ ಹೋಯಿತು. ಆ ವರ್ಷ ಇನ್ನೂ ನನ್ನ ಎದೆಯ ಮೇಲೆ ಕೂತಿದೆ. ತರಬೇತಿಯವರು ಇದೇ ಕೊನೆಯ ಅವಕಾಶ ಎಂದಿದ್ದಾರೆ. ನಾನು ಚೆನ್ನಾಗಿದ್ದೇನೆ. ಚೆನ್ನಾಗಿಯೇ ಇದ್ದೇನೆ. ತೋಳು ಸರಿಮಾಡಿ ಈ ಪತ್ರದ ಜೊತೆಗೇ ಕಳಿಸುತ್ತೇನೆ.

ಯಾವ ತೊಂದರೆಯೂ ಇಲ್ಲದ,
ನಿನ್ನ ಅಮ್ಮ

ತಾ.ಕ.: ಪತ್ರ ಮಡಚುವ ಮೊದಲು, ಎಷ್ಟು ಗಿಡ್ಡವೋ ನೋಡೋಣ ಎಂದು ಎಡತೋಳನ್ನು ಮತ್ತೆ ಭುಜಕ್ಕೆ ಪಿನ್ನು ಹಾಕಿ ಎಳೆದೆ. ಮಣಿಕಟ್ಟಿಗೆ ಸರಿಯಾಗಿ ಬಂತು. ಕೈ ಎಷ್ಟು ಚಾಚಿದರೂ ಸರಿಯಾಗಿಯೇ ಬಂತು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ, ನನಗೆ ನಿನ್ನ ಸ್ವೆಟರ್ ಬೇಕಾಯಿತು.

ಎರಡು ತಿಂಗಳ ಹಿಂದೆ ಅಟ್ಟದಿಂದ ಉಲ್ಲನ್ ಚೀಲ ತೆಗೆಯಲು ಹೋಗಿ ಸ್ಟೂಲಿನಿಂದ ಬಿದ್ದೆ. ಅದರ ಮುರಿದ ಕಾಲಿಗೆ ಹಗ್ಗ ಸುತ್ತಿ ರಿಪೇರಿ ಮಾಡಿದ್ದವಳು ನಾನೇ. ಮೊಣಕೈಗೂ ಹಾಗೆಯೇ ಹಳೇ ಬಟ್ಟೆ ಸುತ್ತಿ ಸುಮ್ಮನಾದೆ. ಮೂಳೆ ಡೊಂಕಾಗಿಯೇ ಕೂಡಿಕೊಂಡಿದೆ, ಎಡಗೈ ಪೂರ್ತಿ ನೆಟ್ಟಗಾಗುವುದೇ ಇಲ್ಲ. ಹೆಣೆಯುವಾಗ ಕೈ ಮಡಚಿಯೇ ಇರುತ್ತದಲ್ಲ, ನನಗೆ ಗೊತ್ತೇ ಆಗಲಿಲ್ಲ. ನಿನ್ನೆ ಟೈಲರಮ್ಮ ಮೂಳೆ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಆಪರೇಷನ್ ಆಗಬೇಕಂತೆ, ಮನೆಯವರು ಸಹಿ ಹಾಕಬೇಕಂತೆ. ಹದಿನೈದು ದಿನ ತಡವಾದರೆ ಏನೂ ಆಗುವುದಿಲ್ಲ ಎಂದು ಅವರೇ ಹೇಳಿದ್ದಕ್ಕೆ ಇಪ್ಪತ್ತೆಂಟನ್ನು ಕೇಳಿ ಪಡೆದಿದ್ದೇನೆ. ನನಗೆ ಭಯವಾಗುತ್ತಿದೆ ಕಣೇ.

ಉಲ್ಲನ್ ಮುಗಿದಿರಲೂ ಇಲ್ಲ. ಉಳಿದ ಕಂದು ಉಂಡೆಯಲ್ಲಿ ಕೈಯನ್ನು ಕೊರಳಿಗೆ ತೂಗುಹಾಕಿಕೊಳ್ಳಲು ಪಟ್ಟಿ ಹೆಣೆದುಕೊಂಡಿದ್ದೆ. ಅದನ್ನೀಗ ಬಿಚ್ಚಿ ನಿನ್ನ ಎಡತೋಳಿಗೆ ಸೇರಿಸುತ್ತೇನೆ, ಈ ಸಲ ಬಲಗೈಗೆ ಅಳೆದು. ನನ್ನ ಕೊರಳಿಗೆ ಹಳೇ ಲಂಗದ ತುಂಡು ಸಾಕು. ಪರೀಕ್ಷೆ ಮುಗಿಸಿ ಇಪ್ಪತ್ತೇಳಕ್ಕೆ ಬಾ, ನಾನೇ ಕರೆಯುತ್ತಿದ್ದೇನೆ. ಅದಕ್ಕೂ ಮೊದಲು ಬಂದರೆ ಬಾಗಿಲು ತೆಗೆಯುವುದಿಲ್ಲ. ಚಿಲಕ ಹಾಕಿಕೊಳ್ಳಲು ಒಂದು ಕೈ ಸಾಕು.