ಲಾಲ್‌ಮುನಿಯ ಪಿತ್ತಕೋಶ ಕಸವಾಗಿರಲಿಲ್ಲ

ಆಸ್ಪತ್ರೆಯ ಮಾನ್ಯ ಅಧೀಕ್ಷಕರೇ,

ನನ್ನ ತಂಗಿ ಲಾಲ್‌ಮುನಿ ಸಾಯುವ ಮುಂಚೆ ನಿಮ್ಮ ಆಸ್ಪತ್ರೆಗೆ ಒಂದು ದಾನ ಕೊಟ್ಟಿದ್ದಳು. ಅದನ್ನು ನೀವು ಕೊಳೆಯಲು ಬಿಟ್ಟಿರಿ. ಅದಕ್ಕೇ ಈ ಪತ್ರ.

ಗಂಗೆಯ ದಂಡೆಯ ನಮ್ಮ ಬಕ್ಸರ್ ಕಡೆಯ ಹಳ್ಳಿಗಳಲ್ಲಿ ಪಿತ್ತಕೋಶದ ಕ್ಯಾನ್ಸರ್ ಹೊಸದಲ್ಲ. ಹೆಂಗಸರು ಪಕ್ಕೆನೋವನ್ನು ಗ್ಯಾಸ್ ಎಂದುಕೊಂಡು ಓಮ ಅಗಿಯುತ್ತ ಕೂರುತ್ತಾರೆ. ಕಣ್ಣು ಹಳದಿಯಾಗುವ ಹೊತ್ತಿಗೆ ಕೈಮೀರಿರುತ್ತದೆ. ಲಾಲ್‌ಮುನಿಗೂ ಸ್ಕ್ಯಾನಿನಲ್ಲಿ ಕಲ್ಲಿನ ಜೊತೆ ಗಡ್ಡೆ ಕಂಡಿತು. ಆಪರೇಷನ್ನಿನ ಹಿಂದಿನ ದಿನ, ನಿಮ್ಮಲ್ಲೇ ಸಂಶೋಧನೆ ಮಾಡುವ ಡಾಕ್ಟರ್ ನುಜ್ಹತ್ ಬಂದು ಹಾಸಿಗೆಯ ಪಕ್ಕ ಕೂತರು. ಕಲ್ಲು ವರ್ಷಗಟ್ಟಲೆ ಉಜ್ಜಿ ಪಿತ್ತಕೋಶದ ಗೋಡೆ ಕೆಡುವಾಗ ಅಲ್ಲಿನ ಕೆಲವು ಪ್ರೋಟೀನ್‌ಗಳು ಮಿತಿಮೀರುತ್ತವೆ, ಕೆಲವು ಇಲ್ಲವಾಗುತ್ತವೆ. ಯಾವ ಬದಲಾವಣೆ ಮೊದಲು ಆಗುತ್ತದೆಂದು ತಿಳಿದರೆ ಮುಂದೊಂದು ದಿನ ಈ ರೋಗವನ್ನು ಬೇಗ ಹಿಡಿಯಬಹುದು. ಅದಕ್ಕೆ ನೂರಾರು ಹೆಂಗಸರ ಪಿತ್ತಕೋಶದ ತುಣುಕು ಬೇಕು. ಇದನ್ನೆಲ್ಲ ಅವರು ಭೋಜ್‌ಪುರಿಯಲ್ಲೇ ವಿವರಿಸಿದರು.

"ಅದ್ರಿಂದ ನಾನು ಬದುಕ್ತೀನಾ?" ಎಂದು ಲಾಲ್‌ಮುನಿ ಕೇಳಿದಳು.

"ಇಲ್ಲ" ಎಂದರು ಡಾಕ್ಟರ್.

"ನನ್ನ ಮಗಳು?"

"ಗೊತ್ತಿಲ್ಲಮ್ಮಾ. ಅದನ್ನೇ ಹುಡುಕ್ತಿದೀವಿ."

ಲಾಲ್‌ಮುನಿ ನಕ್ಕಳು. "ತಗೊಳ್ಳಿ. ಇಷ್ಟು ವರ್ಷ ನನ್ನನ್ನ ಗೋಳು ಹೊಯ್ಕೊಂಡಿದೆ. ಇನ್ಮೇಲಾದ್ರೂ ದುಡೀಲಿ."

ಆಪರೇಷನ್ನಿನಲ್ಲಿ ತೆಗೆದ ತುಣುಕು ಪ್ರಯೋಗಾಲಯದ ಫ್ರೀಜರ್ ಸೇರಿತು. ಅವಳು ಹೋಳಿ ಹಬ್ಬಕ್ಕೆ ಮುಂಚೆಯೇ ತೀರಿಕೊಂಡಳು.

ಅದೇ ವರ್ಷ ದೀಪಾವಳಿ ಕಳೆದು ಬಂದ ಛಠ್ ಪೂಜೆಯ ರಜೆಯಲ್ಲಿ ನಿಮ್ಮ ಹೊಸ ಸಭಾಂಗಣಕ್ಕೆ ದೀಪಾಲಂಕಾರವಾಯಿತು. ಪ್ರಯೋಗಾಲಯದ ಲೈನಿನಿಂದಲೇ ಕರೆಂಟ್ ಎಳೆದರು. ಫ್ರೀಜರ್ ನಿಂತಿತು. ರಜೆ ಮುಗಿಸಿ ಬಾಗಿಲು ತೆಗೆದ ನುಜ್ಹತ್ ಮೂಗು ಮುಚ್ಚಿಕೊಳ್ಳಬೇಕಾಯಿತಂತೆ. ಅವರು ನಮಗೆ ಹೇಳದೆಯೂ ಇರಬಹುದಿತ್ತು. ಆದರೂ ಫೋನು ಮಾಡಿ ಹೇಳಿದರು.

ನಾನು ನಿಮ್ಮ ಕೊಠಡಿಗೆ ಬಂದೆ. ಕುರ್ಚಿ ತೋರಿಸಿದಿರಿ, ಚಹಾ ತರಿಸಿದಿರಿ. ನಿಮ್ಮ ಸೌಜನ್ಯಕ್ಕೆ ಕೊರತೆಯಿಲ್ಲ. ಆಮೇಲೆ ಹೇಳಿದಿರಿ: "ನೋಡಿ ಮಾತಾಜಿ, ಅದು ದೇಹದಿಂದ ತೆಗೆದುಹಾಕಿದ ವಸ್ತು. ಒಂಥರಾ ಕಸ. ಅದಕ್ಯಾಕೆ ಇಷ್ಟು ಬೇಜಾರು?"

ಕಸವೇ, ಮಾನ್ಯರೇ? ಕಸ ಹಾಕಲೆಂದು ಸರ್ಕಾರ ನಿಮಗೆ ಅಷ್ಟು ದೊಡ್ಡ ಫ್ರೀಜರ್ ಕೊಟ್ಟಿತ್ತೇ? ಸಾಯುವವಳು ಅರಿತೇ ಕೊಟ್ಟದ್ದನ್ನು ಕಾಯುವುದಕ್ಕಿಂತ ಬಣ್ಣದ ಬಲ್ಬು ಉರಿಯುವುದು ತುರ್ತಾಗಿತ್ತೇ? ಅವಳನ್ನು ಗಂಗೆಯ ದಡದಲ್ಲಿ ಸುಟ್ಟು ಬೂದಿಯನ್ನೂ ನೀರಿಗೆ ಬಿಟ್ಟೆವು. ಈ ಭೂಮಿಯ ಮೇಲೆ ಅವಳ ದೇಹದ್ದೆಂದು ಉಳಿದಿದ್ದದ್ದು ಆ ತುಣುಕು ಮಾತ್ರ.

ಈಗ ಅವಳ ಮಗಳು ಸುಗಂಧಿಗೂ ಕಲ್ಲಿದೆ. ಮುಂದಿನ ವಾರ ನಿಮ್ಮಲ್ಲೇ ಆಪರೇಷನ್, ಬೇರೆಲ್ಲಿಗೆ ಹೋಗೋಣ? ಸಂಶೋಧನೆಗೆ ಏನೂ ಕೊಡಬೇಡ ಎಂದು ನಾನು ಖಡಾಖಂಡಿತವಾಗಿ ಹೇಳಿದೆ. 

"ಅಮ್ಮನದು ಹೋಯ್ತಲ್ಲ ಮೌಸಿ. ನಂದಾದ್ರೂ ಇಟ್ಕೊಳ್ಳಲಿ" ಎಂದಳು.

ನಾನು ಈ ಪತ್ರ ಬರೆಯಲು ಕೂತೆ.

ಆದ್ದರಿಂದ ಕೇಳುತ್ತಿದ್ದೇನೆ: ಆ ಫ್ರೀಜರಿಗೆ ಯಾರೂ ಕೈಹಾಕದಂಥ ಪ್ರತ್ಯೇಕ ಲೈನು, ಜನರೇಟರು ಕೊಡಿಸಿ. ತುಣುಕು ಕೊಟ್ಟ ಹೆಂಗಸರ ಮನೆಮನೆಗೂ ಏನಾಯಿತೆಂದು ನೀವೇ ತಿಳಿಸಿ, ಕ್ಷಮೆ ಕೇಳಿ. ಸುಗಂಧಿ ನಿಮ್ಮನ್ನು ನಂಬಿ ಬರುತ್ತಿದ್ದಾಳೆ. ನಾನು ನಂಬದೆಯೇ ಅವಳ ಜೊತೆ ಬರುತ್ತಿದ್ದೇನೆ.

ಇಂತಿ,
ಒಬ್ಬಳೇ ತಂಗಿಯನ್ನು ಎರಡು ಸಲ ಕಳೆದುಕೊಂಡ
ದೇವ್‌ಮುನಿ ಕುಂವರ್